1770ರ ವರ್ಜೀನಿಯಾ ಪೂರ್ವಜನ ತಂದೆ ಅಣ್ಣನೋ ತಮ್ಮನೋ?

ಪ್ರಶ್ನೆ

ವರ್ಜೀನಿಯಾದ ಒಂದೇ ಕೌಂಟಿಯಲ್ಲಿ ಅಣ್ಣತಮ್ಮಂದಿರಿಬ್ಬರು. ನಾವು ಹುಡುಕುತ್ತಿರುವ ಪೂರ್ವಜ ಇವರಲ್ಲೊಬ್ಬರ ಮಗ. 1770ರ ತೆರಿಗೆ ಪಟ್ಟಿಯಲ್ಲಿ ಮೊದಲ ಸಲ ಸ್ವಂತ ಹೆಸರಿನಲ್ಲಿ ಕಾಣುತ್ತಾನೆ. 1774ರಲ್ಲಿ 150 ಎಕರೆ ಮಾರುತ್ತಾನೆ, ಆದರೆ ಕೊಂಡ ಪತ್ರ ಸಿಗುತ್ತಿಲ್ಲ. ಚರ್ಚಿನ ಪುಸ್ತಕ ಉಳಿದಿಲ್ಲ. ಅಣ್ಣನ ಉಯಿಲಿನಲ್ಲಿ ಇವನ ಹೆಸರಿಲ್ಲ; ತಮ್ಮ ಉಯಿಲು ಬರೆಯದೆ ತೀರಿಕೊಂಡ. ಇಂಟರ್ನೆಟ್‌ನ ವಂಶವೃಕ್ಷಗಳೆಲ್ಲ ತಮ್ಮನೇ ತಂದೆ ಎನ್ನುತ್ತವೆ, ಆಧಾರ ಕೊಡುವುದಿಲ್ಲ. ವೈ-ಡಿಎನ್‌ಎ 37 ಮಾರ್ಕರ್ ಪರೀಕ್ಷೆಯಿಂದ (ತಂದೆಯಿಂದ ಮಗನಿಗಷ್ಟೇ ಬರುವ ವೈ ವರ್ಣತಂತುವಿನ 37 ಜಾಗಗಳ ಹೋಲಿಕೆ) ಇತ್ಯರ್ಥವಾದೀತೇ?

ಉತ್ತರ 1

ಡಿಎನ್‌ಎ ಆಮೇಲೆ. ಕೊಂಡ ದಾಖಲೆಯಿಲ್ಲದ ಜಮೀನನ್ನು ಮಾರಿದ್ದಾನಲ್ಲ, ನಿಮ್ಮ ಕೈಲಿರುವ ಅತಿ ದೊಡ್ಡ ಸುಳಿವು ಅದೇ. ವರ್ಜೀನಿಯಾದಲ್ಲಿ 1785ರ ಕಾಯ್ದೆ ಬರುವವರೆಗೆ ಉಯಿಲಿಲ್ಲದೆ ಸತ್ತವನ ಜಮೀನು ಪೂರ್ತಿ ಹಿರಿಯ ಮಗನಿಗೆ. ಅದಕ್ಕೆ ಯಾವ ಪತ್ರವೂ ಬೇಕಿರಲಿಲ್ಲ. ತಂದೆ ಉಯಿಲು ಬರೆಯದ ತಮ್ಮನೇ ಆಗಿದ್ದರೆ, ಪತ್ರಗಳ ಸೂಚಿಯಲ್ಲಿ ಏನೂ ಸಿಗದಿರಲು ಇದೇ ಕಾರಣವಿರಬಹುದು.

1774ರ ಕ್ರಯಪತ್ರದ ಸಾರಾಂಶ ನೋಡಿದ್ದರೆ ಸಾಲದು, ಮೂಲದ ಚಿತ್ರವನ್ನೇ ಓದಿ. ಆಗ ಒಂದೇ ಮಾರಾಟಕ್ಕೆ ಸತತ ಎರಡು ದಿನ ಎರಡು ಪತ್ರ ಬರೆಯುವುದಿತ್ತು: ಮೊದಲನೆಯದು ಹೆಸರಿಗೆ 5 ಶಿಲಿಂಗಿನ ಗುತ್ತಿಗೆ, ಎರಡನೆಯದು ನಿಜವಾದ ಮಾರಾಟ. ಜಮೀನು ಯಾರಿಂದ ಬಂತು, ಇವನು ಯಾರ ವಾರಸುದಾರ ಎಂಬುದು ಇದ್ದರೆ ಸಾಮಾನ್ಯವಾಗಿ ಎರಡನೆಯದರಲ್ಲೇ ಇರುತ್ತದೆ. ಮೊದಲನೆಯದನ್ನು ಓದಿ ನಿಲ್ಲಿಸುವವರೇ ಹೆಚ್ಚು.

ಪತ್ರದಲ್ಲಿ ಹಾಗೆ ಬರೆದಿಲ್ಲದಿದ್ದರೆ ಚಕ್ಕುಬಂದಿ ಹಿಡಿಯಿರಿ. ಹಳ್ಳ, ಗುರುತಿನ ಮರ, ಅಕ್ಕಪಕ್ಕದವರ ಹೆಸರು ಬರೆದುಕೊಂಡು ಅದೇ 150 ಎಕರೆ ಹಿಂದೆ ಯಾರ ಕೈಲಿತ್ತು ಎಂದು ಮೂಲ ಸರ್ಕಾರಿ ಮಂಜೂರಾತಿಯವರೆಗೆ ಹಿಂದಕ್ಕೆ ಹೋಗಿ. ಮಂಜೂರಾತಿ ದಾಖಲೆಗಳು ಲೈಬ್ರರಿ ಆಫ್ ವರ್ಜೀನಿಯಾದ ತಾಣದಲ್ಲಿ ಉಚಿತ. ಕೌಂಟಿ ಒಡೆದು ಬಂದದ್ದಾದರೆ ಮೂಲ ಕೌಂಟಿಯ ಪುಸ್ತಕವೂ ಬೇಕು. ಕೆಲವರು ಪತ್ರವನ್ನು ಕೌಂಟಿಯಲ್ಲಲ್ಲದೆ ಜನರಲ್ ಕೋರ್ಟಿನಲ್ಲಿ (ವರ್ಜೀನಿಯಾದ ಮೇಲಿನ ಕೋರ್ಟು) ನೋಂದಾಯಿಸುತ್ತಿದ್ದರು. ಆ ದಾಖಲೆಗಳು 1865ರಲ್ಲಿ ರಿಚ್ಮಂಡ್‌ನಲ್ಲಿ ಸುಟ್ಟುಹೋದವು. ಹಾಗಾಗಿ ಕೊಂಡ ಪತ್ರ ಸಿಗಲಿಲ್ಲ ಎಂದಮಾತ್ರಕ್ಕೆ ಪಿತ್ರಾರ್ಜಿತ ಎಂದು ತೀರ್ಮಾನಿಸಬೇಡಿ.

ಅಣ್ಣನ ಉಯಿಲಿನಲ್ಲಿ ಹೆಸರಿಲ್ಲದ್ದೂ ಅವನನ್ನು ಕೈಬಿಡಲು ಕಾರಣವಲ್ಲ. ಬದುಕಿದ್ದಾಗಲೇ ದಾನಪತ್ರ ಮಾಡಿ ಪಾಲು ಕೊಟ್ಟಿದ್ದರೆ ಉಯಿಲಿನಲ್ಲಿ ಬಿಡುವುದುಂಟು.

ಉತ್ತರ 2

1770ಕ್ಕಿಂತ ಹಿಂದಿನ ತೆರಿಗೆ ಪಟ್ಟಿಗಳು ಉಳಿದಿವೆಯೇ ನೋಡಿ. 16 ತುಂಬಿದ ಗಂಡುಮಕ್ಕಳನ್ನು ಮನೆ ಯಜಮಾನನ ಹೆಸರಿನಡಿ ಬರೆಯುತ್ತಿದ್ದರು. 1765-69ರಲ್ಲಿ ಇವನು ಯಾರ ಹೆಸರಿನಡಿ ಇದ್ದಾನೆ? ಆದರೆ ಮೇಲ್ವಿಚಾರಕರನ್ನೂ ಜೊತೆಗಿದ್ದ ನೆಂಟರ ಹುಡುಗರನ್ನೂ ಹಾಗೇ ಬರೆಯುತ್ತಿದ್ದರು, ಒಂದು ವರ್ಷದ ಪಟ್ಟಿ ನಂಬಬೇಡಿ.

ತಮ್ಮ ಸತ್ತಾಗ ಇವನಿಗೆ 21 ತುಂಬಿರದಿದ್ದರೆ ಪೋಷಕರ ನೇಮಕ ಆಗಿರಬಹುದು. ತಾಯಿ ಬದುಕಿದ್ದರೂ ತಂದೆಯಿಲ್ಲದ ಮಗುವನ್ನು ಅನಾಥ ಎಂದೇ ಬರೆಯುತ್ತಿದ್ದರು. 14 ದಾಟಿದವನು ಪೋಷಕನನ್ನು ತಾನೇ ಆರಿಸಿಕೊಳ್ಳಬಹುದಿತ್ತು. ಕೋರ್ಟ್ ಆದೇಶದ ಪುಸ್ತಕಗಳನ್ನು ಪುಟಪುಟ ತಿರುವಿಹಾಕಬೇಕು. ವಂಶಾವಳಿ ತಾಣ ಫ್ಯಾಮಿಲಿಸರ್ಚ್‌ನ ಫುಲ್-ಟೆಕ್ಸ್ಟ್ ಹುಡುಕಾಟ (ಕೈಬರಹವನ್ನು ಯಂತ್ರವೇ ಓದುತ್ತದೆ) ನೆರವಾಗುತ್ತದೆ, ಆದರೆ ಹಳೆಯ ಉದ್ದನೆಯ ‘ಎಸ್’ ಅಕ್ಷರವನ್ನು ಯಂತ್ರ ‘ಎಫ್’ ಎಂದು ಓದಿಬಿಡಬಹುದು. ಎರಡೂ ರೀತಿ ಹುಡುಕಿ, ನೆರೆಯವರ ಹೆಸರಿನಿಂದಲೂ ಹುಡುಕಿ.

ಪ್ರಶ್ನೆ ಕೇಳಿದವರು

ಧನ್ಯವಾದ. 1772ರ ಒಂದು ಪತ್ರಕ್ಕೆ ಇವನು ಸಾಕ್ಷಿ, ಹೆಸರಿನ ಮುಂದೆ ‘ಜೂನಿಯರ್’ ಇದೆ. ಅಂದರೆ ತಂದೆಗೂ ಇದೇ ಹೆಸರೇ? ಅಣ್ಣತಮ್ಮಂದಿರಿಬ್ಬರಿಗೂ ಬೇರೆ ಹೆಸರು.

ಉತ್ತರ 3

ಅಲ್ಲ. ಆಗ ಜೂನಿಯರ್ ಎಂದರೆ ಅದೇ ಊರಿನಲ್ಲಿ ಅದೇ ಹೆಸರಿನ ಇಬ್ಬರಲ್ಲಿ ಕಿರಿಯ, ಅಷ್ಟೆ. ಆ ಹಿರಿಯನು ಇವನ ಚಿಕ್ಕಪ್ಪನಾಗಿರಬಹುದು, ಸಂಬಂಧವೇ ಇಲ್ಲದವನೂ ಆಗಿರಬಹುದು. ಹಿರಿಯ ಸತ್ತರೆ ಕಿರಿಯನ ‘ಜೂನಿಯರ್’ ಬಿದ್ದುಹೋಗುತ್ತದೆ, ಮುಂದೆ ಅವನೇ ‘ಸೀನಿಯರ್’ ಆಗಬಹುದು. 1770ರ ತೆರಿಗೆದಾರನೂ 1774ರ ಮಾರಾಟಗಾರನೂ ಒಬ್ಬನೇ ಎಂಬುದನ್ನು ಮೊದಲು ಖಚಿತಮಾಡಿಕೊಳ್ಳಿ: ಸಹಿಯೋ ಗುರುತೋ, ಹೆಂಡತಿಯ ಹೆಸರು, ಇದ್ದ ಹಳ್ಳ. ಉಯಿಲುಗಳಲ್ಲಿ ‘ಕಸಿನ್’ ಎಂದಿದ್ದರೆ ಅಣ್ಣತಮ್ಮನ ಮಗನೂ ಆಗಬಹುದು, ಎಚ್ಚರ.

ಡಿಎನ್‌ಎ ವಿಷಯ: ಅಣ್ಣತಮ್ಮಂದಿರ ವೈ ಹೆಚ್ಚುಕಡಿಮೆ ಒಂದೇ, 37 ಮಾರ್ಕರ್ ಅವರನ್ನು ಬೇರ್ಪಡಿಸುವುದಿಲ್ಲ. ಇವನು ಆ ಮನೆತನದವನೇ ಎಂಬುದನ್ನಷ್ಟೇ ಅದು ಬೆಂಬಲಿಸೀತು ಅಥವಾ ತಳ್ಳಿಹಾಕೀತು. ಬೇರ್ಪಡಿಸಲು ಬಿಗ್ ವೈ ಪರೀಕ್ಷೆ (ವೈಯ ಬಹುಭಾಗವನ್ನು ಓದುವ, ಹೆಚ್ಚು ವಿವರವಾದ ಪರೀಕ್ಷೆ) ಬೇಕು, ಇಬ್ಬರ ಬೇರೆ ಗಂಡುಮಕ್ಕಳ ವಂಶದ ಗಂಡಸರೂ ಮಾಡಿಸಬೇಕು. ಆಗಲೂ ಸರಿಯಾದ ತಲೆಮಾರಿನಲ್ಲೇ ವೈಯಲ್ಲಿ ಒಂದು ರೂಪಾಂತರ (ಮ್ಯುಟೇಶನ್) ಹುಟ್ಟಿರಬೇಕು. ಅಷ್ಟು ಹಣ ಹಾಕುವ ಮುಂಚೆ ಆ 150 ಎಕರೆಯ ಚಕ್ಕುಬಂದಿ ಮುಗಿಸಿ.