1964ರ ಚಿತ್ರವನ್ನು ಪುರಾತನ ಅನ್ನಬಹುದಾ? ಕಾಕಡು ಬಂಡೆಚಿತ್ರಗಳ ಬಗ್ಗೆ ಚರ್ಚೆ

ಸುಧಾ_ಡಾರ್ವಿನ್: ಉತ್ತರ ಆಸ್ಟ್ರೇಲಿಯಾಕ್ಕೆ ಬರುವವರು ಕಾಕಡು ರಾಷ್ಟ್ರೀಯ ಉದ್ಯಾನದ ಬುರುಂಗ್‌ಕುಯಿ ಬಂಡೆ ನೋಡದೆ ಹೋಗಬೇಡಿ. ಅಲ್ಲಿನ ಅನ್‌ಬಂಗ್‌ಬಂಗ್ ಗೋಡೆಯ ಮೇಲೆ ಮೂಲನಿವಾಸಿಗಳ ಕಥೆಯ ಸಿಡಿಲಿನ ಪುರುಷ ನಮರ್ಗೊನ್‌ನ ಚಿತ್ರ ಇದೆ. ಮೊಣಕೈ, ಮೊಣಕಾಲಲ್ಲಿ ಕಲ್ಲುಕೊಡಲಿ. ಅದರಿಂದ ಮೋಡಕ್ಕೆ ಹೊಡೆದರೆ ಗುಡುಗು. ಮೈ ಸುತ್ತ ಕಮಾನಿನ ಹಾಗೆ ಎಳೆದ ಗೆರೆಯೇ ಮಿಂಚು. ಬಿನಿನ್ಜ್ ಮೂಲನಿವಾಸಿಗಳು 20,000 ವರ್ಷಗಳಿಂದ ಆ ಬಂಡೆಯ ಆಸರೆಯಲ್ಲಿ ಬಾಳಿದ್ದಾರೆ.

ಕಲ್ಲುಕೋಟೆ: "20,000 ವರ್ಷ" ಅಂತೀರಲ್ಲ, ಅರ್ಧ ಸತ್ಯ ಮೇಡಂ. ನೀವು ಹೇಳುವ ಗೋಡೆಗೆ ನಯೊಂಬೊಲ್ಮಿ ಎಂಬ ಕಲಾವಿದರು ಬಣ್ಣ ಹಚ್ಚಿದ್ದು 1964ರ ಸುಮಾರಿಗೆ. ಪ್ರವಾಸಿಗಳಿಗೆ ಇದನ್ನು ಮೊದಲು ಹೇಳಬೇಕು.

ಸುಧಾ_ಡಾರ್ವಿನ್: ಬಾಳಿದ್ದಾರೆ ಅಂದೆ, ಚಿತ್ರದ ವಯಸ್ಸು ಹೇಳಲಿಲ್ಲ. ಸರಿಯಾಗಿ ಓದಿ.

ರೇಣುಕಾ_ಹಾಸನ: ಅವರು ಹೊಸದಾಗಿ ಬಿಡಿಸಿದ್ದಲ್ಲ, ಮಾಸಿದ್ದಕ್ಕೆ ಮತ್ತೆ ಬಣ್ಣ ಕೊಟ್ಟರು. ಕೆಮ್ಮಣ್ಣಿನ ಕೆಂಪು ಬಣ್ಣ ಕಲ್ಲಿನೊಳಗೆ ಇಳಿದು ಬಹಳ ಕಾಲ ನಿಲ್ಲುತ್ತೆ. ಬಿಳಿ ಬಣ್ಣ ಹಕ್ಕಳೆ ಎದ್ದು ಉದುರುತ್ತೆ. ಅದಕ್ಕೇ ಮತ್ತೆ ಮತ್ತೆ ಹಚ್ಚುವ ಪದ್ಧತಿ. ನಮ್ಮೂರ ತೇರಿನ ಹಳೇ ಮರ ಬದಲಾಯಿಸಿದರೆ ತೇರು ಸುಳ್ಳಾಗುತ್ತಾ?

ಕಲ್ಲುಕೋಟೆ: ತೇರಿನ ವಯಸ್ಸನ್ನು ಯಾರೂ ವಿಶ್ವ ಪರಂಪರೆ ಅಂತ ತೋರಿಸಲ್ಲ. ಹಳೇ ಗೆರೆ ಮುಚ್ಚಿಹೋದರೆ ಮುಂದೆ ಅಧ್ಯಯನ ಮಾಡುವವರು ಏನು ನೋಡಬೇಕು? 1987ರಲ್ಲಿ ಪಶ್ಚಿಮ ಆಸ್ಟ್ರೇಲಿಯಾದ ಕಿಂಬರ್ಲಿಯಲ್ಲೂ ಹೀಗೇ ಆಯ್ತು. ಸರ್ಕಾರದ ದುಡ್ಡಲ್ಲಿ ಹುಡುಗರು ಅಲ್ಲಿನವರ ದೈವಗಳಾದ ವಾಂಜಿನಾ ಚಿತ್ರಗಳ ಮೇಲೆ ಬಣ್ಣ ಬಳಿದರು. ದೊಡ್ಡ ಗಲಾಟೆಯೇ ಆಯ್ತಲ್ಲ.

ಪರ್ತ್_ಪ್ರಕಾಶ: "ಹುಡುಗರು" ಅಂತ ಹಗುರವಾಗಿ ಮಾತಾಡಬೇಡಿ. ವಾಂಜಿನಾ ಮಾಸಬಾರದು, ಹೊಸದಾಗಿಡುವುದು ತಮ್ಮ ಕರ್ತವ್ಯ, ಮಳೆಗೂ ಅದಕ್ಕೂ ಸಂಬಂಧ ಇದೆ ಅಂತ ಅಲ್ಲಿನ ಹಿರಿಯರೇ ನಂಬುತ್ತಾರೆ. ಗಲಾಟೆ ಮಾಡಿದ್ದು ಹೊರಗಿನವರು.

ಇರುವೆಗೂಡು: ಬಂಡೆ ಅಂದರೆ ಬರೀ ಬಣ್ಣ ಅಲ್ಲ. ಮಳೆಗಾಲ ಶುರುವಾಗುವಾಗ ಅಲ್ಲಿನ ಕಲ್ಲುಗಾಡಿನಲ್ಲಿ ಕಿತ್ತಳೆ-ನೀಲಿ ಮಿಡತೆ ಕಾಣುತ್ತೆ. ಅದನ್ನು ಅಲ್ಯುರ್ ಅಂತಾರೆ, ನಮರ್ಗೊನ್‌ನ ಮಕ್ಕಳು. ಕೆಲವೇ ಜಾತಿಯ ಗಿಡ ತಿನ್ನುತ್ತೆ. ಬೇಸಿಗೆ ಕೊನೆಯ ದೊಡ್ಡ ಬೆಂಕಿ ಬಂದರೆ ಗಿಡವೂ ಇಲ್ಲ, ಅದೂ ಇಲ್ಲ. ಮೊದಲೇ ಸಣ್ಣ ಬೆಂಕಿ ಹಾಕಿ ಹುಲ್ಲು ಸುಡುವ ಅಲ್ಲಿನವರ ಕ್ರಮವೇ ಎರಡನ್ನೂ ಕಾಯುವುದು. ಚಿತ್ರವನ್ನು ಕಾಡಿನಿಂದ ಬೇರೆ ಮಾಡಿ ಮಾತಾಡ್ತಿದ್ದೀರಿ ಎಲ್ಲರೂ.

ಕಲ್ಲುಕೋಟೆ: ಮಿಡತೆ ವಿಷಯ ಬೇರೆ ಕಡೆ ಮಾತಾಡಿ. ಪ್ರಕಾಶ್ ಅವರೇ, ಚಿತ್ರಕ್ಕಿಂತ ಚಿತ್ರ ಬಿಡಿಸುವ ಕೆಲಸವೇ ದೊಡ್ಡದು ಅನ್ನುವುದಾದರೆ, ಮಳೆನೀರು ತಾಗದಂತೆ ಕಾಕಡುವಿನ ಬಂಡೆಗಳಿಗೆ ಸಿಲಿಕೋನ್ ಅಂಚು ಯಾಕೆ ಹಾಕಿದ್ದಾರೆ? ಅಳಿಯಲಿ, ಮತ್ತೆ ಬಿಡಿಸಿದರಾಯ್ತು.

ಪರ್ತ್_ಪ್ರಕಾಶ: ಯಾರು ಬಿಡಿಸಬೇಕು? ನೀವಾ? ಬಿಡಿಸುವ ಹಕ್ಕು ಎಲ್ಲರಿಗೂ ಇರಲ್ಲ. ಬಿಳಿಯರು ಬಂದ ಮೇಲೆ ರೋಗಕ್ಕೆ ಸಿಕ್ಕಿ, ನೆಲ ಬಿಟ್ಟು ಚದುರಿ, ಕುಲಕ್ಕೆ ಕುಲವೇ ಕರಗಿತು. ನಯೊಂಬೊಲ್ಮಿ ತೀರಿಕೊಂಡದ್ದು 1967ರಲ್ಲಿ. ಅವರ ನಂತರ ಬಂಡೆ ಮೇಲೆ ಬಿಡಿಸುವವರು ಹೆಚ್ಚುಕಡಿಮೆ ನಿಂತೇಹೋದರು. ಆ ಮನುಷ್ಯ ಕೊನೆಗಾಲದಲ್ಲಿ ತನ್ನವರನ್ನು ಗೋಡೆ ಮೇಲೆ ಉಳಿಸಿ ಹೋಗಿದ್ದಾರೆ. ನಿಮಗೆ ಅದು ತಾರೀಕಿನ ತಕರಾರು!

ಕಲ್ಲುಕೋಟೆ: "ಕೊನೆಗಾಲದಲ್ಲಿ" ಅಂತ ಭಾವನೆ ಬೆರೆಸಬೇಡಿ. ಆ ಕಾಲಕ್ಕೆ ಹತ್ತಿರದಲ್ಲೇ ಬೇಟೆಗಾರರ ಸಫಾರಿ ಕ್ಯಾಂಪ್ ಇತ್ತು. ಅವರಿಗೆ ತೋರಿಸಲೆಂದೇ ಬಿಡಿಸಿರಬಹುದಲ್ವಾ?

ಸುಧಾ_ಡಾರ್ವಿನ್: ಇರಬಹುದು, ಇರಬಹುದು. ಆಧಾರ ಕೊಡಿ. ಸತ್ತವರ ಮೇಲೆ ಸುಮ್ನೆ ಅನುಮಾನ ಹಾಕಬೇಡಿ. ಹಿಂದೆ ಕಾಡು ಸೇರಿದ ಎಮ್ಮೆಗಳು ಗೋಡೆಗೆ ಮೈ ಉಜ್ಜಿ ಕೆಳಗಿನ ಚಿತ್ರಗಳನ್ನು ಅಳಿಸಿದವಲ್ಲ, ಆ ಬಗ್ಗೆ ನಿಮಗೆ ಇಷ್ಟು ಸಿಟ್ಟಿಲ್ಲ.

ಕಲ್ಲುಕೋಟೆ: ಎಮ್ಮೆಗೆ ಗೊತ್ತಾಗಲ್ಲ, ಮನುಷ್ಯನಿಗೆ ಗೊತ್ತಾಗಬೇಕು.

ರೇಣುಕಾ_ಹಾಸನ: ಗೊತ್ತಿದ್ದೇ ಹಚ್ಚಿದರು. ಅಪ್ಪ ತಾತ ಹೇಳಿಕೊಟ್ಟ ಕಥೆ ಅದು. 1981ರಲ್ಲಿ ಕಾಕಡುವನ್ನು ಯುನೆಸ್ಕೋ ವಿಶ್ವ ಪರಂಪರೆ ಪಟ್ಟಿಗೆ ಸೇರಿಸುವಾಗಲೂ ಪ್ರಕೃತಿ, ಸಂಸ್ಕೃತಿ ಎರಡನ್ನೂ ನೋಡಿಯೇ ಸೇರಿಸಿದ್ದು.

ಇರುವೆಗೂಡು: ನಾನೂ ಅದನ್ನೇ ಹೇಳಿದ್ದು. ಮಿಡತೆ ವಿಷಯ ಬೇರೆ ಕಡೆ ಮಾತಾಡಿ ಅಂದರು.

ಕಲ್ಲುಕೋಟೆ: ಪಟ್ಟಿಗೆ ಸೇರಿಸಿದ್ದು ತಪ್ಪು ಅಂತ ನಾನು ಹೇಳಲೇ ಇಲ್ಲ. ಗೋಡೆ ಪಕ್ಕದ ಫಲಕದಲ್ಲಿ 1964 ಅಂತ ದಪ್ಪಕ್ಷರದಲ್ಲಿ ಇರಬೇಕು, ಅಷ್ಟೇ.

ಸುಧಾ_ಡಾರ್ವಿನ್: ನಯೊಂಬೊಲ್ಮಿ ಹೆಸರೂ ಅಷ್ಟೇ ದಪ್ಪ ಇರಲಿ. ಏನು ಬರೆಯಬೇಕು ಅಂತ ಬಿನಿನ್ಜ್ ಹಿರಿಯರು ಹೇಳಲಿ. ಆ ನೆಲ ಅವರದು, ನಿಮ್ಮದಲ್ಲ.