ಚುಕ್ಕಿ-ಗೆರೆ ಆಟ: ಕೊನೆಗೆ ಮನೆಗಳೆಲ್ಲ ಎದುರಾಳಿಗೇ ಹೋಗುವುದು ಯಾಕೆ?

ಕೊನೇಪುಟ:
ಡಾಟ್ಸ್ ಅಂಡ್ ಬಾಕ್ಸಸ್ ಬಗ್ಗೆ ಕೇಳುತ್ತಿದ್ದೇನೆ. ಸರದಿಯಂತೆ ಅಕ್ಕಪಕ್ಕದ ಎರಡು ಚುಕ್ಕಿಗಳ ನಡುವೆ ಗೆರೆ ಎಳೆಯುತ್ತಾ ಹೋಗುವುದು, ಚೌಕದ ನಾಲ್ಕನೇ ಗೆರೆ ಎಳೆದವರಿಗೆ ಆ ಚೌಕ, ಅಂದರೆ ಮನೆ. ಸಾಲಿಗೆ 4 ಚುಕ್ಕಿಯಂತೆ 4 ಸಾಲು, ಒಟ್ಟು 9 ಮನೆ. ಯಾವ ಮನೆಗೂ ಮೂರನೇ ಗೆರೆ ಬೀಳದಂತೆ ಇಬ್ಬರೂ ಎಚ್ಚರದಿಂದ ಆಡುತ್ತೇವೆ. ಸುರಕ್ಷಿತ ಗೆರೆಗಳು ಮುಗಿದ ಮೇಲೆ ಯಾರಾದರೊಬ್ಬರು ಬಿಟ್ಟುಕೊಡಲೇಬೇಕು. ಸಿಕ್ಕಿದ 4 ಮನೆ ಕಟ್ಟಿ ಮುಂದಿನ ಗೆರೆ ಎಳೆದರೆ 5 ಮನೆ ಆ ಕಡೆಗೆ! ಇದು ಬರೀ ಅದೃಷ್ಟವೇ, ಲೆಕ್ಕವೇನಾದರೂ ಇದೆಯೇ? ದೊಡ್ಡ ಚೌಕದಲ್ಲಿ ಆಡಿದರೆ ಚೆನ್ನವೇ?

ಗೆರೆಗಣಿತ:
ಅದೃಷ್ಟ ಇಲ್ಲವೇ ಇಲ್ಲ. ನೀವು ಹೇಳಿದ 4 ಮತ್ತು 5 ಮನೆಗಳ ಸರಪಳಿಗಳನ್ನೇ ನೋಡಿ (ಒಂದಕ್ಕೆ ಮೂರನೇ ಗೆರೆ ಬಿದ್ದರೆ, ಅಂದರೆ ತೆರೆದರೆ, ಒಂದರ ಹಿಂದೊಂದು ಕಟ್ಟುತ್ತಾ ಹೋಗಬಹುದಾದ ಮನೆಗಳ ಸಾಲೇ ಸರಪಳಿ). ಎದುರಾಳಿ 4ರದ್ದನ್ನು ತೆರೆದಾಗ ಎರಡೇ ಮನೆ ಕಟ್ಟಿ. ಉಳಿದ ಎರಡರ ನಡುವಿನ ಗೆರೆ ಎಳೆಯಬೇಡಿ, ಆಚೆ ತುದಿಯ ಗೆರೆ ಎಳೆದು ಸುಮ್ಮನಾಗಿ. ನಡುಗೆರೆ ಎಳೆದು ಅವರು ಆ 2 ಮನೆ ತಗೊಳ್ಳುತ್ತಾರೆ, ಆದರೆ ಮನೆ ಕಟ್ಟಿದವರು ಮತ್ತೆ ಆಡಬೇಕಲ್ಲ, ಹಾಗಾಗಿ 5ರ ಸರಪಳಿಯನ್ನು ಅವರೇ ತೆರೆಯಬೇಕು. ಅದಷ್ಟೂ ನಿಮಗೆ. ಎಲ್ಲವನ್ನೂ ಬಾಚಿಕೊಂಡಿದ್ದರೆ 4–5ರಲ್ಲಿ ಸೋಲು, ಎರಡು ಬಿಟ್ಟರೆ 7–2ರಲ್ಲಿ ಗೆಲುವು. ಅವರು ಆ ಎರಡನ್ನು ಮುಟ್ಟದೆ ಬಿಟ್ಟರೂ ಬೇರೆ ಗೆರೆ ಎಳೆಯಲೇಬೇಕು, ಆಗ ಅವೂ ನಿಮ್ಮವೇ. ನನ್ನ ಪ್ರಕಾರ ಈ ಆಟದ ಜೀವ ಇರುವುದು ಇಲ್ಲೇ.

ಕೊನೆಯ ಸರಪಳಿಯಲ್ಲಿ ಮಾತ್ರ ಏನೂ ಬಿಡಬೇಡಿ.

ಕೊನೇಪುಟ:
ಮನೆ ಕಟ್ಟಲು ಅವಕಾಶವಿದ್ದರೆ ಕಟ್ಟಲೇಬೇಕು ಎಂದು ಕೆಲವರು ಆಡುತ್ತಾರಲ್ಲ? ಮತ್ತೆ, ಮೊದಲು ತೆರೆಯುವ ಸರದಿ ಎದುರಾಳಿಗೇ ಬರುವಂತೆ ಮಾಡುವುದು ಹೇಗೆ?

ಹದಿನಾರುಚುಕ್ಕಿ:
ಕಡ್ಡಾಯವಿಲ್ಲ. ಕಡ್ಡಾಯ ಮಾಡಿದರೆ ಮೇಲಿನ ನಡೆಯೇ ಸತ್ತುಹೋಗುತ್ತದೆ, ಆಡುವ ಮೊದಲೇ ಮಾತಾಡಿಕೊಳ್ಳಿ. ಒಂದೇ ಗೆರೆಗೆ ಎರಡು ಮನೆ ಸಿಕ್ಕರೂ ಹೆಚ್ಚುವರಿ ಗೆರೆ ಒಂದೇ ಎಂಬುದನ್ನೂ.

ಸರದಿಯ ಲೆಕ್ಕ ಹೀಗೆ: 3 ಅಥವಾ ಹೆಚ್ಚು ಮನೆ ಇದ್ದರಷ್ಟೇ ಉದ್ದ ಸರಪಳಿ. ಚುಕ್ಕಿಗಳ ಸಂಖ್ಯೆಗೆ ಉದ್ದ ಸರಪಳಿಗಳ ಸಂಖ್ಯೆ ಕೂಡಿಸಿ. ಮೊತ್ತ ಸಮವಾದರೆ ಮೊದಲು ಆಡಿದವರ ಕೈ ಮೇಲು, ಬೆಸವಾದರೆ ಎರಡನೆಯವರದು. ನಿಮ್ಮದರಲ್ಲಿ 16 ಚುಕ್ಕಿ, ಹಾಗಾಗಿ ಮೊದಲಿಗರು 2 ಸರಪಳಿಗೆ ಪ್ರಯತ್ನಿಸಬೇಕು, ಎರಡನೆಯವರು 1 ಅಥವಾ 3ಕ್ಕೆ. 25 ಚುಕ್ಕಿಯಾದರೆ ಇದು ತಿರುಗುಮುರುಗು. ಈ ಸಿದ್ಧಾಂತವನ್ನು ಬೆಳೆಸಿದವರಲ್ಲಿ ಮುಖ್ಯರು ಅಮೆರಿಕದ ಗಣಿತಜ್ಞ ಎಲ್ವಿನ್ ಬರ್ಲೆಕ್ಯಾಂಪ್. ಆಟ ಮಾತ್ರ ಹಳೆಯದು, ಫ್ರಾನ್ಸಿನ ಎದುವಾರ್ ಲ್ಯೂಕಾ 1889ರಲ್ಲೇ ಇದರ ಬಗ್ಗೆ ಬರೆದಿದ್ದಾರೆ.

ಎಣಿಕೆ ನಿಮಗೆ ವಿರುದ್ಧವಾಗಿ ಹೊರಟಿದ್ದರೆ ಸುರಕ್ಷಿತ ಗೆರೆಗಳು ಇನ್ನೂ ಉಳಿದಿರುವಾಗಲೇ ತಿದ್ದಬೇಕು. ಸರಪಳಿ ಎರಡು ಮನೆಯಷ್ಟು ಬೆಳೆದಿರುವಾಗ ಅವುಗಳ ನಡುವೆ ಗೆರೆ ಎಳೆದು ಎರಡನ್ನೂ ಕೊಟ್ಟುಬಿಡಿ. ಅಲ್ಲಿ ಉದ್ದ ಸರಪಳಿ ಹುಟ್ಟುವುದಿಲ್ಲ.

ಗೆರೆಗಣಿತ:
ಎರಡು ಮನೆಯ ತುಂಡನ್ನು ತೆರೆಯುವಾಗ ಯಾವಾಗಲೂ ಆ ನಡುಗೆರೆಯೇ ಆಗಬೇಕು. ತುದಿಯ ಗೆರೆ ಎಳೆದರೆ ಎದುರಾಳಿ ಇನ್ನೊಂದು ತುದಿ ಮುಚ್ಚಿ ಆ ಎರಡನ್ನು ನಿಮಗೇ ಬಿಡುತ್ತಾರೆ, ಸರದಿಯೂ ನಿಮ್ಮ ತಲೆಗೇ ಬರುತ್ತದೆ. ಬಹಳ ಆಟಗಳು ಕೆಡುವುದು ಈ ಒಂದು ಗೆರೆಯಿಂದ.

ಬಳೆಮನೆ:
ಬಳೆಯಂತೆ ಸುತ್ತಿಕೊಂಡ ಮನೆಗಳನ್ನು ಉದ್ದ ಸರಪಳಿಗಳ ಎಣಿಕೆಗೆ ಸೇರಿಸಬೇಡಿ. ಅದರಲ್ಲಿ ಹಿಡಿತ ಉಳಿಸಿಕೊಳ್ಳಲು, ಅಂದರೆ ಮುಂದಿನದನ್ನೂ ಎದುರಾಳಿಯೇ ತೆರೆಯುವಂತೆ ಮಾಡಲು, 2 ಅಲ್ಲ, 4 ಮನೆ ಬಿಡಬೇಕು. ಬಳೆಯ ನಂತರ ಒಂದೇ ಸರಪಳಿ ಉಳಿದಿದ್ದು ಅದರಲ್ಲಿ 4ಕ್ಕಿಂತ ಕಡಿಮೆ ಮನೆ ಇದ್ದರೆ, ಬಳೆಯನ್ನೇ ಪೂರ್ತಿ ಕಟ್ಟುವುದು ಲಾಭ.

ಚೌಕದ ಅಳತೆ: ಕಲಿಯಲು 9 ಮನೆ ಸಾಕು. 16 ಮನೆಯಲ್ಲಿ 8–8 ಸಮ ಆಗಬಹುದು. 36 ಚುಕ್ಕಿ, 60 ಗೆರೆಗಳ 25 ಮನೆಯದೇ ನನಗೆ ಹೆಚ್ಚು ರುಚಿ: ಸಮ ಆಗುವುದಿಲ್ಲ, ಸರಪಳಿಗಳನ್ನು ಕೂಡಿಸಿ ಕತ್ತರಿಸಲು ಜಾಗವೂ ಇದೆ. ಗ್ರಾಫ್ ಹಾಳೆಯಲ್ಲಿ 1 ಸೆಂ.ಮೀ. ಅಂತರಕ್ಕೆ ಚುಕ್ಕಿ ಇಡಿ, ಗೆರೆಗೆ ಇಬ್ಬರದೂ ಬೇರೆ ಬಣ್ಣದ ಪೆನ್ನು ಇರಲಿ. ಸರದಿ ಯಾರದೆಂದು ಜಗಳವಾದರೆ ಕೊನೆಯ ಗೆರೆ ಯಾರದೆಂದು ತಿಳಿಯುತ್ತದೆ.