ಗೋಡೆ ನಕ್ಷೆಯಲ್ಲಿ ಬರ್ಮಾ, ಮ್ಯಾಸಿಡೋನಿಯಾ, ಎಸ್ಕಿಮೊ: ಯಾವುದನ್ನು ತಿದ್ದುವುದು?

ಕುಂಬಳೆ ಟೀಚರ್:
ಕನ್ನಡ ಮಾಧ್ಯಮದ ಎಂಟನೇ ಕ್ಲಾಸಿನ ಗೋಡೆಗೆ ಲೋಕದ ನಕ್ಷೆ ಬರೆಸುತ್ತಿದ್ದೇವೆ. ಹಳೆಯದರಲ್ಲಿ ಬರ್ಮಾ, ಮ್ಯಾಸಿಡೋನಿಯಾ, ಸ್ವಾಜಿಲ್ಯಾಂಡ್, ಟರ್ಕಿ ಎಂದಿದೆ. ಬದಿಯ ಪಟ್ಟಿಯಲ್ಲಿ ಎಸ್ಕಿಮೊ, ಜಿಪ್ಸಿ. ಪೇಂಟ್ ಒಣಗಿದ ಮೇಲೆ ತಿದ್ದಲು ಆಗದು, ಈಗಲೇ ಹೇಳಿ.

ಗಡಿನಾಡಿಗ:
ಟೀಚರೇ, ಮೊದಲು ದೇಶ, ಜನ, ಭಾಷೆ ಅಂತ ಮೂರು ಕಾಲಂ ಮಾಡಿಸಿ. ಒಂದು ಬದಲಾದರೆ ಉಳಿದೆರಡೂ ಬದಲಾಗಬೇಕೆಂದಿಲ್ಲ. ಹೆಚ್ಚಿನವರು ಎಡವುವುದು ಇಲ್ಲೇ.

ಮ್ಯಾಸಿಡೋನಿಯಾ ನೋಡಿ. ಗ್ರೀಸಿನೊಳಗೆ ಅದೇ ಹೆಸರಿನ ಪ್ರಾಂತ್ಯವಿದೆ, ಥೆಸಲೋನಿಕಿ ಇರುವುದು ಅಲ್ಲೇ. ಅದಕ್ಕೇ ದೇಶದ ಆ ಹೆಸರಿಗೆ ಗ್ರೀಸಿನ ತಕರಾರು. ಹಾಗಾಗಿ 1993ರಲ್ಲಿ ವಿಶ್ವಸಂಸ್ಥೆ 'ಹಿಂದಿನ ಯುಗೊಸ್ಲಾವ್ ಗಣರಾಜ್ಯ ಮ್ಯಾಸಿಡೋನಿಯಾ' ಎಂಬ ಉದ್ದದ ಹೆಸರಿನಲ್ಲಿ ಸೇರಿಸಿಕೊಂಡಿತು. ಇಂಗ್ಲಿಷಿನಲ್ಲಿ ಹೆಸರು 'ದಿ' ಎಂದು ಶುರುವಾಗುವುದರಿಂದ ಕುರ್ಚಿ ಥಾಯ್ಲೆಂಡ್ ಪಕ್ಕ! ಗ್ರೀಸಿನ ಜೊತೆಗಿನ 2018ರ ಪ್ರೆಸ್ಪಾ ಒಪ್ಪಂದ 2019ರ ಫೆಬ್ರವರಿಯಲ್ಲಿ ಜಾರಿಯಾದ ಮೇಲೆ ದೇಶ 'ಉತ್ತರ ಮ್ಯಾಸಿಡೋನಿಯಾ'. ಆದರೆ ಅದೇ ಒಪ್ಪಂದದ ಪ್ರಕಾರ ಭಾಷೆ 'ಮ್ಯಾಸಿಡೋನಿಯನ್' ಆಗಿಯೇ ಉಳಿಯಿತು. 'ಉತ್ತರ ಮ್ಯಾಸಿಡೋನಿಯನ್ ಭಾಷೆ' ಎಂದು ಬರೆಸಿದರೆ ತಪ್ಪು. ಅದು ಬಲ್ಗೇರಿಯನ್‌ನದೇ ಒಂದು ರೂಪ ಎಂದು ಬಲ್ಗೇರಿಯದ ಜಗಳ ಬೇರೆ ಇದೆ, ಅದನ್ನು ಗೋಡೆಗೆ ತರಬೇಡಿ.

ಸ್ವಾಜಿಲ್ಯಾಂಡ್ 2018ರಿಂದ ಎಸ್ವಾಟಿನಿ. ಜನ ಮಾತ್ರ ಸ್ವಾಜಿಗಳೇ.

ಅಡಿಕೆ ತೋಟ:
ಬರ್ಮಾ ಬದಲು ದೇಶದ ಕಾಲಂನಲ್ಲಿ ಮ್ಯಾನ್ಮಾರ್. 1989ರಲ್ಲಿ ಸೇನಾ ಸರಕಾರ ಬದಲಿಸಿದ್ದು. ಎರಡೂ ಹೆಸರಿನ ಬೇರು ಒಂದೇ: ಮ್ಯಾನ್ಮಾರ್ ಬರಹದ ರೂಪ, ಬರ್ಮಾ ಆಡುಮಾತಿನದು. ಸೇನೆಯ ತೀರ್ಮಾನ ಒಪ್ಪದವರು ಈಗಲೂ ಬರ್ಮಾ ಅನ್ನುತ್ತಾರೆ, ಅಮೆರಿಕ ಸರಕಾರವೂ ಅಷ್ಟೇ. ಜನರ ಕಾಲಂನಲ್ಲಿ ಅಲ್ಲಿನ ಬಹುಸಂಖ್ಯಾತರಾದ 'ಬಮಾರ್' ಎಂದಷ್ಟೇ ಬರೆದರೆ ಕರೆನ್, ಶಾನ್, ಕಚಿನ್ ಎಲ್ಲರೂ ಮಾಯ. ರೋಹಿಂಗ್ಯಾ ಎಂಬ ಹೆಸರನ್ನೇ ಅಲ್ಲಿನ ಸರಕಾರ ಒಪ್ಪದೆ 'ಬಂಗಾಳಿ' ಅನ್ನುತ್ತದೆ. ಅವರು ತಮ್ಮನ್ನು ಕರೆದುಕೊಳ್ಳುವ ಹೆಸರು ಹಾಕಿ.

ಎಸ್ಕಿಮೊ ತೆಗೆದು ಕಣ್ಣುಮುಚ್ಚಿ ಇನ್ಯುಯಿಟ್ ಹಾಕಬೇಡಿ. ಕೆನಡಾ, ಗ್ರೀನ್‌ಲ್ಯಾಂಡ್‌ಗೆ ಸರಿ. ಅಲಾಸ್ಕದಲ್ಲಿ ಯೂಪಿಕ್ ಜನರಿದ್ದಾರೆ, ಅವರು ಇನ್ಯುಯಿಟ್ ಅಲ್ಲ. ಜಿಪ್ಸಿ ಎಂಬುದು 'ಈಜಿಪ್ಟಿನವರು' ಎಂಬ ತಪ್ಪು ಕಲ್ಪನೆಯಿಂದ ಬಂದ ಪದ. 1971ರ ರೋಮಾನಿ ಸಮಾವೇಶ 'ರೋಮಾ' ಆರಿಸಿತು. ಜರ್ಮನಿಯಲ್ಲಿ 'ಸಿಂತಿ ಮತ್ತು ರೋಮಾ' ಎಂದು ಜೋಡಿಯಾಗಿ ಬರೆಯುವುದು ರೂಢಿ.

ಕುಂಬಳೆ ಟೀಚರ್:
ಟರ್ಕಿ ಬಿಟ್ಟುಹೋಯಿತು. ಮತ್ತೆ, ಅವರು ಕೇಳಿದಂತೆಲ್ಲ ಬದಲಿಸುವುದಾದರೆ ನಾಳೆ ಕೇರಳದ ಕಾಸರಗೋಡಿನ ನಮ್ಮ ಕುಂಬಳೆಯನ್ನೂ 'ಕುಂಬಳ' ಅಂತ ಬರೆಯಬೇಕಾ?

ಗಡಿನಾಡಿಗ:
2022ರ ಜೂನಿನಿಂದ ವಿಶ್ವಸಂಸ್ಥೆಯಲ್ಲಿ ಅದು ತುರ್ಕಿಯೆ. ಇಂಗ್ಲಿಷಿನಲ್ಲಿ ಕೋಳಿಯಂಥ ಹಕ್ಕಿಯ ಹೆಸರೂ 'ಟರ್ಕಿ'ಯೇ ಎಂಬ ಮುಜುಗರ ನಮಗಿಲ್ಲ. 'ತುರ್ಕಿಯೆ (ಟರ್ಕಿ)' ಎಂದು ಎರಡನ್ನೂ ಬರೆಸಿ. ಜನರ ಕಾಲಂನಲ್ಲಿ ತುರ್ಕರ ಜೊತೆ ಕುರ್ದರೂ ಬರಲಿ. 'ತುರುಕರು' ಬೇಡವೇ ಬೇಡ, ನಮ್ಮಲ್ಲಿ ಅದು ಬೈಗುಳವಾಗಿದೆ.

ಕುಂಬಳೆಯದು ಬೇರೆ ವಿಷಯ. ಅಲ್ಲಿ ಕನ್ನಡ ಆಡುವವರೂ ಊರಿನವರೇ. ಕನ್ನಡ ನಕ್ಷೆಯಲ್ಲಿ ಕುಂಬಳೆ, ಮಂಜೇಶ್ವರ. ಮಲಯಾಳದಲ್ಲಿ ಕುಂಬಳ, ಮಂಜೇಶ್ವರಂ. ಒಂದನ್ನು ಅಳಿಸಿ ಇನ್ನೊಂದನ್ನೇ ಬೋರ್ಡಿಗೆ ಹಾಕಹೊರಟಾಗ ಜಗಳ. 2021ರ ಜೂನಿನಲ್ಲಿ ಊರ ಹೆಸರು ಬದಲಿಸುತ್ತಾರೆಂಬ ಸುದ್ದಿಗೆ ಗಲಾಟೆ ಎದ್ದಾಗ, ಅಂಥ ತೀರ್ಮಾನವೇ ಇಲ್ಲ ಎಂದಿತು ಕೇರಳ ಸರಕಾರ.

ಪೇಂಟರಿಗೆ ಹೆಸರುಗಳನ್ನು ಫೋನಿನಲ್ಲಿ ಹೇಳಬೇಡಿ, ದೊಡ್ಡ ಅಕ್ಷರದಲ್ಲಿ ಬರೆದೇ ಕೊಡಿ. 'ಎಸ್ವಾಟಿನಿ'ಯ 'ಸ್ವಾ' ಒತ್ತು ತಪ್ಪುವುದು ಗ್ಯಾರಂಟಿ.